ಬೆಂಕಿಯನ್ನು ತಾಳುವ ಲೋಹ

(ಉಪಾಧ್ಯಾಯರ ಕೂಟವೊಂದರಲ್ಲಿ ಮಾಡಿದ ಭಾಷಣ)



ವಿಮಾನದ ಜೆಟ್ ಎಂಜಿನ್ನಿನೊಳಗೆ ಅಂಗೈಯಷ್ಟರ ಲೋಹದ ಅಲಗುಗಳು ಮಿನಿಟಿಗೆ ಸಾವಿರಾರು ಸುತ್ತು ತಿರುಗುತ್ತಿರುವವು. ಅವುಗಳಿಗೆ ತಾಗುವ ಅನಿಲದ ಉಷ್ಣತೆಯು ಈಗಿನ ದೊಡ್ಡ ಎಂಜಿನ್ನುಗಳಲ್ಲಿ ಆ ಲೋಹವೇ ಕರಗುವ ಉಷ್ಣತೆಯನ್ನು ಮೀರಿರುವದು! ಅಲಗಿನ ಹೊಟ್ಟೆಯಲ್ಲಿ ಗಾಳಿಯಾಡಿಸಿ ತಂಪಿಡುವದರಿಂದಲೇ ಅದು ಉಳಿದಿರುವದು. ಅಂಥ ಅಲಗೊಂದು ಮುರಿದರೆ ಏನಾದೀತೆಂಬುದನ್ನು ವಿಮಾನವೇರಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಾಮಾನ್ಯ ಉಕ್ಕು ಇಲ್ಲಿ ನಿಲ್ಲಲಾರದು. 1940ರ ದಶಕದ ಆರಂಭದಲ್ಲಿ ಇಂಗ್ಲೆಂಡಿನವರು ನಿಕ್ಕಲ್, ಕ್ರೋಮಿಯಂಗಳಿಗೆ ತುಸು ಟೈಟೇನಿಯಂ, ಅಲ್ಯೂಮಿನಿಯಂ ಬೆರೆಸಿ 'ನಿಮೊನಿಕ್' ಎಂಬ ಮಿಶ್ರಲೋಹವನ್ನು ಸಿದ್ಧಗೊಳಿಸಿ ವ್ಹಿಟಲ್ ಮಹಾಶಯರ ಎಂಜಿನ್ನಿಗೆ ಒದಗಿಸಿದರು. ಆ ತುಸುವಿನಲ್ಲಿಯೇ ಗುಟ್ಟು: ಅವು ನಿಕ್ಕಲ್ಲಿನೊಡನೆ ಕೂಡಿ ಅತಿಸೂಕ್ಷ್ಮ ಕಣಗಳಾಗಿ ಲೋಹದ ತುಂಬ ಹರಡಿ, ಪರಮಾಣುಗಳ ಪದರುಗಳು ಒಂದರ ಮೇಲೊಂದು ಜಾರದಂತೆ ತಡೆಯುವವು.

ಬೆರಕೆಯನ್ನು ಕಂಡುಹಿಡಿದೊಡನೆ ಕೆಲಸ ಮುಗಿಯಿತೆಂದು ತಿಳಿಯುವದು ತಪ್ಪು, ಅರ್ಧವೂ ಮುಗಿದಿರುವದಿಲ್ಲ. ಹೊರಸಿನ ಹಗ್ಗವು ದಿನದಿನಕ್ಕೆ ಜೋತು ಬೀಳುವಂತೆ, ಕಾದ ಲೋಹವು ತನ್ನನ್ನು ಮುರಿಯಲಾರದ ಅಲ್ಪ ಭಾರಕ್ಕೂ ಮೆಲ್ಲಮೆಲ್ಲನೆ ಉದ್ದವಾಗುವದು. ಇದಕ್ಕೆ ನಾವು 'ಜಗ್ಗು' ಎನ್ನೋಣ. ಪರಿಭಾಷೆಯ ಪಂಡಿತರು ಇನ್ನೊಂದು ಹೆಸರು ಕೊಟ್ಟರೆ ನಮ್ಮದೇನೂ ಹಟವಿಲ್ಲ. ಲೋಹದ ತುಂಡುಗಳಿಗೆ ಭಾರ ಕಟ್ಟಿ, ಕುಲುಮೆಯಲ್ಲಿ ಸಾವಿರಾರು ತಾಸು ಇಟ್ಟು, ಈ ಜಗ್ಗನ್ನು ಅಳೆಯಬೇಕು. ಅಷ್ಟು ಕಾಯಲಾರದವರಿಗೆ 1952ರಲ್ಲಿ ಲಾರ್ಸನ್, ಮಿಲ್ಲರ್ ಎಂಬಿಬ್ಬರು ಹತ್ತಿರದ ದಾರಿಯೊಂದನ್ನು ತೋರಿಸಿದರು: ಹೆಚ್ಚಿನ ಉಷ್ಣತೆಯಲ್ಲಿ ಕಡಿಮೆ ಕಾಲ ಪರೀಕ್ಷಿಸಿ, ದೀರ್ಘಕಾಲದ ಫಲವನ್ನು ಲೆಕ್ಕದಿಂದ ಊಹಿಸುವದು. ಲೆಕ್ಕವೇನೋ ಉಪಯುಕ್ತವೇ. ಆದರೆ ಕೆಲವು ಬೆರಕೆಗಳಲ್ಲಿ ಬಹುಕಾಲದ ಮೇಲೆ ಮಾತ್ರ ಹುಟ್ಟುವ ಪೆಡಸು ಹರಳುಗಳುಂಟು. ಅವಸರದ ಪರೀಕ್ಷೆಗೆ ಅವು ಕಾಣಿಸಿಕೊಳ್ಳದೆ ಹೋಗಬಹುದು. ಸೀಸ, ಬಿಸ್ಮತ್ತುಗಳು ಹತ್ತು ಲಕ್ಷದಲ್ಲಿ ಕೆಲವೇ ಭಾಗ ಸೇರಿದರೂ ಲೋಹದ ಆಯುಷ್ಯ ಕುಗ್ಗುವದು. ಆದಕಾರಣ ಪ್ರತಿಯೊಂದು ಪಾಕವನ್ನೂ ಪರೀಕ್ಷಿಸಬೇಕು. ಉತ್ತಮ ತುಂಡಿನ ಬಲವನ್ನಲ್ಲ, ಅಧಮ ತುಂಡಿನ ಬಲವನ್ನು ನಂಬಿ ಯಂತ್ರವನ್ನು ರಚಿಸಬೇಕು.

ನಮ್ಮ ದೇಶದಲ್ಲಿಯೂ ಈ ವಿದ್ಯೆ ಬೆಳೆದಿದೆ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯದವರು ಒಂದೇ ಹರಳಿನಿಂದಾದ ಅಲಗುಗಳನ್ನು ಎರೆದರು. ಹೆಲಿಕಾಪ್ಟರ್ ಎಂಜಿನ್ನಿಗೆಂದು ಅಂಥ 60 ಅಲಗುಗಳು 2021ರಲ್ಲಿ ಹಿಂದುಸ್ಥಾನ ಏರೋನಾಟಿಕ್ಸಿಗೆ ಸಂದವು. ಕಾದ ಲೋಹದಲ್ಲಿ ಬಿರುಕು ಮೊದಲಾಗುವದು ಹೆಚ್ಚಾಗಿ ಹರಳು ಹರಳುಗಳ ನಡುವಿನ ಗಡಿಯಲ್ಲಿ; ಒಂದೇ ಹರಳಾದರೆ ಗಡಿಯೇ ಇಲ್ಲ. ಸೈನಿಕ ವಿಮಾನಗಳ ಇಂಥ ಸಾಮಗ್ರಿಗೆ ಯೋಗ್ಯತಾಪತ್ರ ಕೊಡುವ ಸಂಸ್ಥೆಯು ನಮ್ಮ ಬೆಂಗಳೂರಿನಲ್ಲಿಯೇ ಇರುವದು. ಅಲಗು ಎರೆದ ಸುದ್ದಿ ಬಂದ ದಿನ ಚಪ್ಪಾಳೆ ತಟ್ಟುವವರೇ, ಪತ್ರ ದೊರೆಯಲು ವರ್ಷಗಳು ಹಿಡಿದರೆ ಅಧಿಕಾರಿಗಳ ಆಲಸ್ಯವೆಂದು ಬೈಯುವರು. ನಾವೂ ಹಿಂದೆ ಬೈದವರೇ. ಆಮೇಲೆ ತಿಳಿದುಬಂದುದೇನೆಂದರೆ, ಪತ್ರ ದೊರೆತ ಮೇಲೂ ಕುಲುಮೆಯನ್ನೋ ಎರಕದ ಕ್ರಮವನ್ನೋ ಬದಲಿಸಿದರೆ ಪರೀಕ್ಷೆಗಳನ್ನು ಮತ್ತೆ ನಡೆಸಬೇಕಾಗುವದು.