ಕಾಲಿನ ಜೋಮು ಮತ್ತು ನಾವು ಡೈರಿಗೆ ಹಾಕಿದ ಹಾಲು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಆರೋಗ್ಯ ಮಾಹಿತಿ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಈಗಾಗಲೇ ಹೇಳಿದ್ದಾರೆ. ನಮಗೆ ಕಾರ್ಯದರ್ಶಿಗಳು ಕೊಟ್ಟಿರುವ ವಿಷಯ ಬೇರೆ. ನಿಮ್ಮ ಮನೆ ಕಾಯಿಲೆ ಪತ್ತೆ ಆದ ಕಥೆ ಹೇಳಿ ಅಂದರು. ಮನೆ ವಿಚಾರ ಸಭೆಯಲ್ಲಿ ಆಡುವುದೇ ಅಂತ ನಾವು ಹಿಂಜರಿದೆವು. ಆದರೆ ಕಾಯಿಲೆ ಅನುಭವಿಸಿದ ನಮ್ಮ ಮನೆಯವರೇ, "ಹೇಳ್ರೀ, ಇನ್ನೊಬ್ರು ಎರಡು ವರ್ಷ ಅಲೆಯೋದು ತಪ್ಪಲಿ" ಅಂದಮೇಲೆ ಒಪ್ಪಿಕೊಂಡೆವು.

2017ರ ದೀಪಾವಳಿ ಕಳೆದ ಮೇಲೆ ಶುರುವಾಯಿತು. ಕಾಲ್ಬೆರಳಿನ ತುದಿಯಲ್ಲಿ ಜೋಮು, ಇರುವೆ ಹರಿದ ಹಾಗೆ. ಚಳಿಗೆ ಅಂದುಕೊಂಡೆವು. ಶಿವರಾತ್ರಿ ಹೊತ್ತಿಗೆ ಪಾದಕ್ಕೆ ಬಂತು. ಒಂದು ದಿನ ಡೈರಿಗೆ ಹಾಲು ಹಾಕಿ ಮನೆಗೆ ಬಂದರೆ ಒಂದು ಕಾಲಲ್ಲಿ ಚಪ್ಪಲಿ ಇಲ್ಲ! ದಾರಿಯಲ್ಲಿ ಜಾರಿ ಬಿದ್ದದ್ದೇ ಗೊತ್ತಿಲ್ಲ. ಅಂದು ಎಲ್ಲರೂ ನಕ್ಕೆವು. ಇನ್ನೊಂದು ದಿನ ಹಸು ಪಾದದ ಮೇಲೆ ಗೊರಸಿಟ್ಟಿದೆ, ನೆಲದ ಮೇಲೆ ರಕ್ತ ಕಂಡ ಮೇಲೆ ಗಾಯ ಆಗಿದೆ ಅಂತ ತಿಳಿಯಿತು. ಅಂದು ಯಾರೂ ನಗಲಿಲ್ಲ.

ಎಣ್ಣೆ ತಿಕ್ಕಿದ್ದು, ಬಿಸಿನೀರು ಹುಯ್ದದ್ದು, ತಾಯಿತ ಕಟ್ಟಿಸಿದ್ದು, ಎಲ್ಲಾ ಆಯಿತು. ಅದನ್ನೆಲ್ಲ ಇಲ್ಲಿ ಬೆಳೆಸುವುದಿಲ್ಲ. ಆದರೆ ಬಾಯಿಬಿಟ್ಟು ಆಡದ ಒಂದು ಭಯ ಮನೆಯಲ್ಲಿತ್ತು, ಅದನ್ನು ಹೇಳಲೇಬೇಕು. ಸ್ಪರ್ಶ ಇಲ್ಲ ಅಂದರೆ ಕುಷ್ಠ ಇರಬಹುದೇ ಅಂತ. ಅಕ್ಕಪಕ್ಕದವರೂ ಹಾಗೇ ನೋಡೋದಕ್ಕೆ ಶುರುಮಾಡಿದ್ದರು. ನಮ್ಮೂರ ಆಶಾ ಕಾರ್ಯಕರ್ತೆ ಧೈರ್ಯವಾಗಿ ಕೇಳಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಪಾಸಣೆ ಮಾಡಿಸಿದರು. ಸ್ಪರ್ಶ ತಿಳಿಯದ ತಿಳಿಬಣ್ಣದ ಮಚ್ಚೆ ಎಲ್ಲೂ ಇರಲಿಲ್ಲ. "ಇದ್ದಿದ್ದರೂ ಏನು, ಆರು ತಿಂಗಳು ಇಲ್ಲಾ ಒಂದು ವರ್ಷದ ಮಾತ್ರೆ, ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ, ವಾಸಿಯಾಗುತ್ತೆ" ಅಂತ ಆ ಮಗಳು ಹೇಳಿದ ಮಾತಿಗೆ ನಮ್ಮ ತಲೆ ತಗ್ಗಿತು. ಹೆದರಿ ಬಚ್ಚಿಟ್ಟುಕೊಂಡಿದ್ದವರು ನಾವು.

ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿದೆವು, ಇರಲಿಲ್ಲ. ಪಟ್ಟಣದಲ್ಲಿ ಒಬ್ಬರು ವಯಸ್ಸಾಯ್ತು, ನರ ದೌರ್ಬಲ್ಯ ಅಂದರು. ಇನ್ನೊಬ್ಬರು ಬೆನ್ನಿನ ಸ್ಕ್ಯಾನ್ ಮಾಡಿಸಿ, ಮೂಳೆ ನಡುವಿನ ಡಿಸ್ಕು ಸವೆದಿದೆ ಅಂತ ಸೊಂಟಕ್ಕೆ ಬೆಲ್ಟ್ ಹಾಕಿಸಿದರು. ಆಮೇಲೆ ತಿಳಿಯಿತು, ನಮ್ಮ ವಯಸ್ಸಿನವರನ್ನು ಸ್ಕ್ಯಾನ್ ಮಾಡಿದರೆ ಎಷ್ಟೋ ಜನಕ್ಕೆ ಅಷ್ಟು ಸವೆತ ಇದ್ದೇ ಇರುತ್ತೆ, ಜೋಮಿಗೆ ಅದೇ ಕಾರಣ ಅಂತ ಹೇಳೋದಕ್ಕೆ ಆಗುವುದಿಲ್ಲ ಅಂತ. ಒಂದು ಕರುವಿನ ದುಡ್ಡು ಅಲ್ಲಿ ಹೋಯಿತು.

ಅಷ್ಟರಲ್ಲಿ ನಾಲಿಗೆ ಕೆಂಪಾಗಿ ಸಾರು ಮುಟ್ಟಿದರೆ ಉರಿ. ಸುಸ್ತು. ಮರೆವು, ಸಿಡುಕು. ನೆಂಟರೊಬ್ಬರು ಇದು ಮನಸ್ಸಿನ ಕಾಯಿಲೆ ಅಂತಲೂ ಹೇಳಿಹೋದರು. ರಕ್ತ ಕಡಿಮೆ ಇದೆ ಅಂತ ಒಂದು ಕಡೆ ಕಬ್ಬಿಣದ ಮಾತ್ರೆ, ಫೋಲಿಕ್ ಆಮ್ಲದ ಮಾತ್ರೆ ಕೊಟ್ಟರು. ರಕ್ತ ಏರಿತು, ನಮಗೆ ಸಮಾಧಾನ. ಕಾಲು ಮಾತ್ರ ಇನ್ನೂ ಕೆಟ್ಟಿತು. ಕತ್ತಲಲ್ಲಿ ಕೊಟ್ಟಿಗೆಗೆ ಹೋಗಬೇಕಾದರೆ ಗೋಡೆ ಹಿಡಿಯಬೇಕು. 2019ರ ಕಾರ್ತಿಕದಲ್ಲಿ ಬಚ್ಚಲಲ್ಲಿ ಕಣ್ಣು ಮುಚ್ಚಿ ಮುಖ ತೊಳೆಯುವಾಗ ಮುಂದಕ್ಕೆ ಮುಗ್ಗರಿಸಿ ಬಿದ್ದರು.

ಆಮೇಲೆ ದೊಡ್ಡ ಸರ್ಕಾರಿ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಹೋದೆವು. ಬೆಳಿಗ್ಗೆ ಚೀಟಿ ಮಾಡಿಸಿ ಮಧ್ಯಾಹ್ನದ ತನಕ ಕೂತೆವು. ಒಬ್ಬ ಹೆಣ್ಣುಮಗಳು, ಚಿಕ್ಕ ವಯಸ್ಸಿನ ಡಾಕ್ಟರು. ಸ್ಕ್ಯಾನಿನ ಚೀಲ ಪಕ್ಕಕ್ಕಿಟ್ಟು, ಎರಡು ಕವಲಿನ ಉಕ್ಕಿನ ಕಡ್ಡಿ ಬಡಿದು ಕಾಲ್ಬೆರಳ ಗಂಟಿನ ಮೇಲಿಟ್ಟರು. "ಅಮ್ಮಾ, ನಡುಕ ಗೊತ್ತಾಗುತ್ತಾ?" ಇಲ್ಲ. ಹಿಮ್ಮಡಿ ಗಂಟಿನ ಮೇಲೆ? ಇಲ್ಲ. ಮಂಡಿಯ ಮೇಲೆ ಗೊತ್ತಾಯಿತು. ಪಾದ ಜೋಡಿಸಿ ನಿಲ್ಲಿಸಿದರು. ಕಣ್ಣು ಬಿಟ್ಟಾಗ ನೆಟ್ಟಗೆ ನಿಂತರು, ಮುಚ್ಚಿದ ಕೂಡಲೇ ತೂರಾಡಿದರು. ಪಾದ ಎಲ್ಲಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿಸೋ ನರ ಕೆಟ್ಟಿದೆ, ಇಷ್ಟು ದಿನ ಕಣ್ಣೇ ಆ ಕೆಲಸ ಮಾಡ್ತಿತ್ತು, ಅದಕ್ಕೇ ಕತ್ತಲಲ್ಲಿ ತೊಂದರೆ ಅಂತ ಬಿಡಿಸಿ ಹೇಳಿದರು.

ಆಮೇಲೆ ಊಟದ ಮಾತು. ಮೊಟ್ಟೆ, ಮಾಂಸ? ನಮ್ಮ ಮನೆಯಲ್ಲಿ ಇಲ್ಲ. ಹೈನು? "ಇದೆ ತಾಯಿ, ದಿನಾ ಹನ್ನೊಂದು ಲೀಟರ್ ಡೈರಿಗೆ ಹಾಕ್ತೀವಿ" ಅಂತ ಹೆಮ್ಮೆಯಿಂದ ಹೇಳಿದೆವು. "ಮನೆಗೆ ಎಷ್ಟು ಇಟ್ಕೋತೀರಿ?"

ಬಂಧುಗಳೇ, ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಬಟವಾಡೆ ಹೆಚ್ಚಲಿ ಅಂತ ಕಾಫಿಗೆ ಅರ್ಧ ಲೋಟ ಬಿಟ್ಟು ಮಿಕ್ಕಿದ್ದೆಲ್ಲ ಕ್ಯಾನಿಗೆ. ಮಜ್ಜಿಗೆ ಇದ್ದರೆ ಗಂಡಸರಿಗೆ, ಮಕ್ಕಳಿಗೆ. ಕೊನೆಗೆ ಉಣ್ಣುವವರಿಗೆ ನೀರಿನಂಥ ಸಾರು. ಇದರಲ್ಲಿ ಸಂಘದ ತಪ್ಪೇನೂ ಇಲ್ಲ, ಮನೆಗೆ ಇಟ್ಟುಕೊಳ್ಳಬೇಡಿ ಅಂತ ಯಾರೂ ಹೇಳಿರಲಿಲ್ಲ.

ಇನ್ನೊಂದು ಪ್ರಶ್ನೆಯನ್ನೂ ಕೇಳಿದರು, ಬೇರೆ ಯಾವ ಮಾತ್ರೆ ನುಂಗ್ತೀರಿ ಅಂತ. ಎದೆಯುರಿಗೆ ಗ್ಯಾಸ್ಟ್ರಿಕ್ ಮಾತ್ರೆ, ಆರು ವರ್ಷದಿಂದ ದಿನಾ, ಮೆಡಿಕಲ್ ಸ್ಟೋರಿನಿಂದ ನಾವೇ ತಂದದ್ದು. ವರ್ಷಗಟ್ಟಲೆ ಅದನ್ನು ನುಂಗಿದರೆ ಹೊಟ್ಟೆಯ ಆಮ್ಲ ತಗ್ಗಿ, ಆಹಾರದಲ್ಲಿರುವ ಬಿ-12 ಸರಿಯಾಗಿ ಹಿಡಿಯುವುದಿಲ್ಲವಂತೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಬಹುಕಾಲ ತಗೊಳ್ಳುವವರಲ್ಲೂ ಬಿ-12 ಇಳಿಯಬಹುದು. ಹಾಗಂತ ಯಾರೂ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ಪರೀಕ್ಷೆ ಮಾಡಿಸಿಕೊಳ್ಳಿ.

ರಕ್ತ ಪರೀಕ್ಷೆಯಲ್ಲಿ ಬಿ-12 ಬಹಳ ಕೆಳಗಿತ್ತು. ಫೋಲಿಕ್ ಆಮ್ಲ ರಕ್ತದ ಕೊರತೆಯನ್ನು ಸರಿಮಾಡಿ ರೋಗದ ಗುರುತನ್ನು ಮುಚ್ಚಿಹಾಕಿತ್ತು, ನರದ ಹಾನಿ ಒಳಗೊಳಗೇ ನಡೆದಿತ್ತು.

ಈ ಬಿ-12 ಅನ್ನುವುದು ನಮಗೆ ದಿನಕ್ಕೆ ಬೇಕಾದದ್ದು ಒಂದು ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು ಎರಡು ಪಾಲು ಮಾತ್ರ. ಸೊಪ್ಪು, ಕಾಳು, ರಾಗಿಯಲ್ಲಿ ಇದು ಸಿಗುವುದಿಲ್ಲ. ಗಿಡವೂ ಇದನ್ನು ಮಾಡಲಾರದು, ಪ್ರಾಣಿಯೂ ಮಾಡಲಾರದು, ಕೆಲವು ಸೂಕ್ಷ್ಮಜೀವಿಗಳು ಮಾತ್ರ ಮಾಡುತ್ತವೆ. ಹಸುವಿನ ಹೊಟ್ಟೆಯಲ್ಲಿರುವ ಆ ಜೀವಿಗಳಿಗೆ ಕೋಬಾಲ್ಟ್ ಎಂಬ ಲೋಹ ಚೂರು ಬೇಕು. ಸಂಘದಿಂದ ತಂದು ಬೂಸಾದಲ್ಲಿ ಕಲಸಿ ಹಾಕುವ ಖನಿಜ ಮಿಶ್ರಣದಲ್ಲಿ ಕೋಬಾಲ್ಟ್ ಇರುವುದು ಇದಕ್ಕೇ. ಅಲ್ಲಿಂದ ಬಿ-12 ಹಾಲಿಗೆ ಬರುತ್ತದೆ. ಹಸುವಿಗೆ ತಪ್ಪದೆ ಕೊಟ್ಟೆವು, ಅದು ಮಾಡಿಕೊಟ್ಟದ್ದನ್ನು ಕ್ಯಾನಿಗೆ ಸುರಿದು ಕಳಿಸಿದೆವು. ನಮ್ಮ ಲಿವರಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುತ್ತದೆ, ಆದ್ದರಿಂದ ಕೊರತೆ ಬೇಗ ಕಾಣುವುದಿಲ್ಲ. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು ಒಂದು ಬಗೆಯ ಮಾರಕ ರಕ್ತಹೀನತೆಗೆ ಲಿವರ್ ತಿನ್ನಿಸಿ ಗುಣವಾದದ್ದನ್ನು ತೋರಿಸಿದರು. ಲಿವರಿನಲ್ಲಿದ್ದ ಆ ವಸ್ತುವನ್ನು ಕೆಂಪು ಹರಳಾಗಿ ಬೇರೆ ಮಾಡಿದ್ದು 1948ರಲ್ಲಿ.

ಆ ಕೆಂಪು ಔಷಧವೇ ಇಂಜೆಕ್ಷನ್. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಬೆಲೆ ಆ ಬೆಲ್ಟಿನಷ್ಟೂ ಇಲ್ಲ. ನಾಲಿಗೆ ಉರಿ ಬೇಗ ಹೋಯಿತು. ಸಿಡುಕು, ಮರೆವು ತಿಂಗಳುಗಳಲ್ಲಿ ತಗ್ಗಿತು. ನಡಿಗೆ ಸುಧಾರಿಸಿತು. ಬೆರಳ ತುದಿಯ ಜೋಮು ಮಾತ್ರ ಇವತ್ತಿಗೂ ಉಳಿದಿದೆ. ಒಂದು ವರ್ಷ ಮುಂಚೆ ಬಂದಿದ್ದರೆ ಪೂರ್ತಿ ಹೋಗ್ತಿತ್ತೇನೋ ಅಂತ ಡಾಕ್ಟರಮ್ಮ ಅಂದರು. ಆ ಮಾತು ನಮ್ಮನ್ನು ಇನ್ನೂ ಕೊರೆಯುತ್ತೆ.

ಎಲ್ಲ ಜೋಮೂ ಬಿ-12 ಅಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕುಡಿತ ಇವುಗಳಿಂದಲೂ ಬರಬಹುದು. ಹಾಲು ಕರೆದೂ ಕರೆದೂ ಮಣಿಕಟ್ಟಿನ ನರ ಒತ್ತಿ ಕೈ ಜೋಮು ಹಿಡಿಯುವುದೂ ಉಂಟು. ಒಂದೇ ಕಡೆಯ ಕೈಕಾಲು ಇದ್ದಕ್ಕಿದ್ದಂತೆ ಮರಗಟ್ಟಿ, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಲಕ್ವ. ಆಗ ಎಣ್ಣೆ ತಿಕ್ಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ರಕ್ತದ ಗಡ್ಡೆ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು. ಇನ್ನೊಂದು ಮಾತು. ಈ ಭಾಷಣ ಕೇಳಿ ಮೆಡಿಕಲ್ ಸ್ಟೋರಿಗೆ ಹೋಗಿ ಬಿ-12 ಚುಚ್ಚಿಸಿಕೊಳ್ಳಬೇಡಿ. ಮೊದಲು ಚುಚ್ಚಿದರೆ ಪರೀಕ್ಷೆಯ ಲೆಕ್ಕ ತಪ್ಪುತ್ತದೆ, ನಿಜವಾದ ಕಾರಣ ಅಡಗಿಕೊಳ್ಳುತ್ತದೆ.

ಈಗ ನಾವು ಕರೆದ ತಕ್ಷಣ ಒಂದು ಲೀಟರ್ ಒಳಗೆ ಎತ್ತಿಟ್ಟು ಆಮೇಲೆ ಡೈರಿಗೆ ಬರುತ್ತೇವೆ. ಮೊದಮೊದಲು ಟೆಸ್ಟರ್ ಹುಡುಗ, "ಯಾಕಣ್ಣ, ಹಸು ಹಾಲು ಕಡಿಮೆ ಮಾಡ್ತಾ?" ಅಂತ ಕೇಳ್ತಿದ್ದ. ಈಗ ಕೇಳೋದಿಲ್ಲ. ನಮ್ಮ ಮನೆಯವರು ಅಲ್ಲಿ ಎರಡನೇ ಸಾಲಲ್ಲಿ ಕೂತಿದ್ದಾರೆ. ಎದ್ದು ಹೋಗುವಾಗ ಎರಡೂ ಚಪ್ಪಲಿ ಕಾಲಲ್ಲಿದೆಯಾ ಅಂತ ಬಗ್ಗಿ ನೋಡಿಕೊಳ್ಳುತ್ತಾರೆ. ಯಾರೂ ನಗಬೇಡಿ ಅಂತ ಕೇಳಿಕೊಳ್ಳುತ್ತೇವೆ.