ಹಳೆಯ ವೇಗದ ಕಾರು

2001ರಲ್ಲಿ ನಮ್ಮ ಪೇಟೆಗೆ ಬಂದ ಫಿಯಟ್ ಪಾಲಿಯೋದ 1.6 ಲೀಟರಿನ ಗಾಡಿ ನಿಮ್ಮ ಮನೆಯಲ್ಲಿದೆಯೆ? ಅದರ ನೂರು ಕುದುರೆಗಳಿಗೆ ಇನ್ನಷ್ಟು ಸೇರಿಸುವ ಚಪಲ ಸಹಜವೇ. ಆದರೆ ಮೊದಲು ಬ್ರೇಕಿನ ದ್ರವವನ್ನು ನೋಡಿರಿ. ಅದು ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಬಿಸಿಯೇರಿ ಆವಿಯಾಯಿತೆಂದರೆ ಪೆಡಲು ಮೆತ್ತಗೆ ಕುಸಿದುಬಿಡುತ್ತದೆ. ಆಗುಂಬೆಯಲ್ಲಿ ನನ್ನ ಮಗನಿಗೆ ಹೀಗಾಯಿತು. ಪಕ್ಕದಲ್ಲಿದ್ದ ನನಗೆ ಯಾವ ಛಂದಸ್ಸೂ ನೆನಪಾಗಲಿಲ್ಲ! ಎರಡು ವರ್ಷಕ್ಕೊಮ್ಮೆ ಬದಲಿಸಿರಿ. ಟೈರಿನ ಪಕ್ಕೆಯ ನಾಲ್ಕು ಅಂಕಿಗಳನ್ನೂ ಓದಿರಿ: 2319 ಎಂದರೆ 2019ರ 23ನೆಯ ವಾರ. ನಿಂತ ಗಾಡಿಯಲ್ಲಿಯೂ ರಬ್ಬರು ಗಟ್ಟಿಯಾಗುತ್ತದೆ. ಟೈಮಿಂಗ್ ಬೆಲ್ಟು ಬದಲಿಸಿದ ಲೆಕ್ಕ ಸಿಗದಿದ್ದರೆ ಬಲ್ಲವರಿಂದ ಹೊಸದನ್ನೇ ಹಾಕಿಸಿರಿ. ನಮ್ಮ ಗಾಡಿಗೆ ಈ ವರ್ಷ ಸಸ್ಪೆನ್ಷನ್ನಿನ ಬುಷ್‌ಗಳಾದುವು; ಎಂಜಿನ್ನಿನ ಬಲದ ಸರದಿ ಇನ್ನೂ ಬಂದಿಲ್ಲ.