ಹಳೆಯ ಕೊಳವೆ, ಹೊಸ ಕಿವಿ



ಮಿರಜದಲ್ಲಿ ತಂಬೂರಿ ಮಾಡುವವರ ಮುಂದೆ ಹಳೆಯ ವಾದ್ಯವೊಂದನ್ನು ಇಟ್ಟು ನೋಡಿ. ಬುರುಡೆ ಗಟ್ಟಿಯಿದ್ದರೆ ಅದರ ತಂಟೆಗೆ ಹೋಗುವುದಿಲ್ಲ. ತಂತಿ ಬದಲಿಸುತ್ತಾರೆ, ತಂತಿ ಹೊತ್ತ ಕುದುರೆಯ ಮೇಲೆ ಅರ ಆಡಿಸಿ ನಾದದ ಜವಾರಿ ತಿದ್ದುತ್ತಾರೆ. ಇವತ್ತಿನ ಮಾತು ಅಂಥದೇ ಒಂದು ಕಬ್ಬಿಣದ ವಾದ್ಯದ್ದು. ಅದನ್ನು ಮೀಟುವುದು ಮಾತ್ರ ಆಕಾಶ.

ಅಂತರಿಕ್ಷದಿಂದ ಬರುವ ವಿಶ್ವಕಿರಣಗಳು ನಮ್ಮ ವಾಯುಮಂಡಲಕ್ಕೆ ಬಡಿದು ಚೂರಾಗುತ್ತವೆ. ಆ ಚೂರುಗಳಲ್ಲಿ ಮ್ಯೂಆನ್ ಎಂಬ ಕಣಗಳು ನೆಲದವರೆಗೂ ಇಳಿಯುತ್ತವೆ. ಈಗ ನೀವು ಅಂಗೈ ಚಾಚಿದರೆ ನಿಮಿಷಕ್ಕೆ ನೂರರ ಹತ್ತಿರ ಹಾದುಹೋಗುತ್ತವೆ, ನಿಮಗೆ ಗೊತ್ತೂ ಆಗುವುದಿಲ್ಲ.

ಇವುಗಳ ಕಾಟ ತಪ್ಪಿಸಿಕೊಳ್ಳಲೆಂದೇ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಗೆ ಇಳಿದಿದ್ದರು. 1965ರಲ್ಲಿ ಅಲ್ಲಿ ನ್ಯೂಟ್ರಿನೊ ಎಂಬ ಕಣದ ಸುಳಿವು ಸಿಕ್ಕಿತು. ಮುಂದೆ ಪ್ರೋಟಾನಿಗೂ ಸಾವುಂಟೇ ಎಂದು ಕಾಯಲು ಕಬ್ಬಿಣದ ಚೌಕ ಕೊಳವೆಗಳನ್ನು ಜೋಡಿಸಿದರು. ಆ ಪ್ರಯೋಗ ಮುಗಿದ ಮೇಲೆ ಕೊಳವೆಗಳು ಗುಜರಿಗೆ ಹೋಗಲಿಲ್ಲ, ಊಟಿ ಬೆಟ್ಟ ಹತ್ತಿದವು. ಪಾತಾಳದಲ್ಲಿ ಯಾವುದನ್ನು ಬೇಡವೆಂದಿದ್ದರೋ ಬೆಟ್ಟದ ಮೇಲೆ ಅದನ್ನೇ ಎಣಿಸತೊಡಗಿದರು!

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಈ ಬೆಟ್ಟದ ಪ್ರಯೋಗದ ಹೆಸರು ಗ್ರೇಪ್ಸ್-3. ಕೊಳವೆ ಆರು ಮೀಟರ್ ಉದ್ದ, ಒಳಗೆ ಅನಿಲ, ನಡುವೆ ಒಂದು ಸಣ್ಣ ತಂತಿ. ಮ್ಯೂಆನ್ ಹಾದರೆ ತಂತಿಯಲ್ಲಿ ವಿದ್ಯುತ್ತು ಮಿಡಿಯುತ್ತದೆ. ಇಂಥ 3,712 ಕೊಳವೆಗಳನ್ನು ಪದರಪದರವಾಗಿ ಅಡ್ಡ ಉದ್ದ ಇಟ್ಟಿರುವುದರಿಂದ ಕಣ ಯಾವ ದಿಕ್ಕಿನಿಂದ ಬಂತೆಂದೂ ತಿಳಿಯುತ್ತದೆ. ದಿನಕ್ಕೆ ಸುಮಾರು 400 ಕೋಟಿ ಮ್ಯೂಆನ್‌ಗಳ ಲೆಕ್ಕ.

2015ರ ಜೂನ್ 22ರಂದು ಈ ಲೆಕ್ಕ ಎರಡು ಗಂಟೆ ಕಾಲ ಏರಿತು. ಸೂರ್ಯನಿಂದ ಚಿಮ್ಮಿದ ಕಾಂತಮೋಡ ಭೂಮಿಯ ಕಾಂತಕವಚವನ್ನು ಅದುಮಿತ್ತು. ಕವಚ ದುರ್ಬಲವಾಗಿ ಹೆಚ್ಚು ಕಣಗಳು ಒಳನುಗ್ಗಿದ್ದವು. ಇಂಥ ಸೌರ ಬಿರುಗಾಳಿ ಉಪಗ್ರಹಗಳನ್ನೂ ವಿದ್ಯುತ್ ಜಾಲವನ್ನೂ ಕೆಡಿಸಬಲ್ಲದು.

ಆಧುನೀಕರಣವೆಂದರೆ ಎಲ್ಲವನ್ನೂ ಕಿತ್ತು ಹೊಸದು ತರುವುದೆಂದು ನಾವು ತಿಳಿದಿದ್ದೇವೆ. ಇಲ್ಲಿ ಕೊಳವೆ ಹಳೆಯದೇ. ಅದಕ್ಕೆ ಕಿವಿಗೊಡುವ ಎಲೆಕ್ಟ್ರಾನಿಕ್ಸ್ ಹೊಸದು. ಮೊದಲು ಒಟ್ಟು ಎಣಿಕೆಯೇ ಮುಖ್ಯವಾಗಿತ್ತು. ಈಗ ಒಂದೊಂದು ಮಿಡಿತವನ್ನೂ ಅದರ ಗಳಿಗೆ ಸಮೇತ ಬರೆದಿಡುವ ಏರ್ಪಾಡು. ಜೊತೆಗೆ ಈ ಕೊಳವೆಗಳ 560 ಚದರ ಮೀಟರಿನ ಮ್ಯೂಆನ್ ದೂರದರ್ಶಕವನ್ನು ಇಮ್ಮಡಿಗೊಳಿಸುವ ಕೆಲಸ.

ಆದರೂ ಹವೆ ಕಾಡುವುದು ತಪ್ಪಿಲ್ಲ. ಮಳೆಗಾಲದಲ್ಲಿ ತಂಬೂರಿಯ ಶ್ರುತಿ ಕೆಡುವಂತೆ, ಗಾಳಿಯ ಒತ್ತಡ ಏರಿದರೆ ಮ್ಯೂಆನ್ ಎಣಿಕೆ ಇಳಿಯುತ್ತದೆ. ಅದನ್ನು ಕಳೆದು ಕೂಡಿ ಸರಿಪಡಿಸಬೇಕು. ಒಮ್ಮೆ, 2014ರ ಡಿಸೆಂಬರ್ 1ರಂದು, ಗುಡುಗುಮೋಡವೊಂದು ಊಟಿಯ ಮೇಲೆ ನಿಂತಾಗ ಎಣಿಕೆ ತುಸು ಕುಸಿಯಿತು. ಆ ಕುಸಿತದಿಂದಲೇ ಮೋಡದೊಳಗಿನ ವೋಲ್ಟೇಜನ್ನು ಅಳೆದರು: ಸುಮಾರು 130 ಕೋಟಿ ವೋಲ್ಟ್.